ಪಿಚರ್ ಆಯ್ಕೆಗೆ ಇಆರ್‌ಎ ಬದಲು ಈ ಸಂಖ್ಯೆ ನೋಡಿ

ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ ಸೀಸನ್ ಶುರುವಿನ ಏಪ್ರಿಲ್, ಮೇ ತಿಂಗಳಲ್ಲಿ ಪಿಚರ್ (ಚೆಂಡು ಎಸೆಯುವವನು) ಆರಿಸುವಾಗ ಇಆರ್‌ಎ (ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, 9 ಇನ್ನಿಂಗ್ಸ್‌ಗೆ ಪಿಚರ್ ಕೊಟ್ಟ ಸರಾಸರಿ ರನ್) ನೋಡಬೇಡಿ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಶೇಕಡಾವಾರಿನಿಂದ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಶೇಕಡಾವಾರು ಕಳೆದು ಆ ಒಂದೇ ಸಂಖ್ಯೆ ನೋಡಿ. 100 ಬ್ಯಾಟರ್‌ಗಳಲ್ಲಿ 28 ಜನ ಸ್ಟ್ರೈಕ್‌ಔಟ್, 7 ಜನರಿಗೆ ವಾಕ್ ಅಂದ್ರೆ 21. 20 ದಾಟಿದರೆ ತುಂಬಾ ಒಳ್ಳೆಯದು. 10ಕ್ಕಿಂತ ಕಡಿಮೆ ಇದ್ದರೆ ಇಆರ್‌ಎ ಎಷ್ಟೇ ಚೆನ್ನಾಗಿದ್ದರೂ ನಾನಂತೂ ಮುಟ್ಟುವುದಿಲ್ಲ. ಸ್ಟ್ರೈಕ್‌ಔಟ್, ವಾಕ್ ಎರಡರಲ್ಲೂ ಫೀಲ್ಡರ್‌ಗಳ ಪಾತ್ರ ಇಲ್ಲ, ಅಲ್ವಾ? ಹಾಗಾಗಿ ಪಿಚರ್‌ನ ನಿಜವಾದ ಕೈಚಳಕ ಬೇಗ ಗೊತ್ತಾಗುತ್ತದೆ. ಇಆರ್‌ಎ ಹಾಗಲ್ಲ. ಇಬ್ಬರನ್ನು ಬೇಸ್ ಮೇಲೆ ಬಿಟ್ಟು ಪಿಚರ್ ಹೊರಟ ಮೇಲೆ ರಿಲೀವರ್ (ಬದಲಿ ಪಿಚರ್) ಬಂದು ಡಬಲ್ (ಬ್ಯಾಟರ್ ಎರಡನೇ ಬೇಸ್ ತಲುಪುವ ಹೊಡೆತ) ಹೊಡೆಸಿಕೊಂಡರೂ ಆ ಎರಡು ರನ್ ಹೋದವನ ಲೆಕ್ಕಕ್ಕೇ ಬೀಳುತ್ತವೆ. 9 ಇನ್ನಿಂಗ್ಸ್‌ಗೆ ಎಷ್ಟು ಸ್ಟ್ರೈಕ್‌ಔಟ್ ಅನ್ನುವ ಹಳೆಯ ಲೆಕ್ಕವನ್ನೂ ಪೂರ್ತಿ ನಂಬಬೇಡಿ: ಜಾಸ್ತಿ ಹಿಟ್ ಕೊಡುವವನು ಒಂದೇ ಇನ್ನಿಂಗ್ಸ್‌ನಲ್ಲಿ ಜಾಸ್ತಿ ಬ್ಯಾಟರ್‌ಗಳನ್ನು ಎದುರಿಸುತ್ತಾನೆ, ಆ ಸಂಖ್ಯೆ ಸುಮ್ನೆ ಉಬ್ಬುತ್ತದೆ. ಬೇಸ್‌ಬಾಲ್ ಅಂಕಿಅಂಶಗಳ ವೆಬ್‌ಸೈಟ್ ಫ್ಯಾನ್‌ಗ್ರಾಫ್ಸ್‌ನಲ್ಲಿ ಸ್ಟ್ರೈಕ್‌ಔಟ್‌ನಿಂದ ವಾಕ್ ಕಳೆದ ಕಾಲಂ (K-BB%) ಸಿದ್ಧವಾಗಿಯೇ ಸಿಗುತ್ತದೆ.

ಈ ಸಂಖ್ಯೆ ಕೈಕೊಡುವುದು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ತರಹ ಮೈದಾನದಾಚೆ ಹೋಗುವ ಹೊಡೆತ) ವಿಷಯದಲ್ಲಿ, ಅದು ಇದರ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದ ಡೆನ್ವರ್‌ನ ಕೂರ್ಸ್ ಫೀಲ್ಡ್ ಮೈದಾನ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಕರ್ವ್‌ಬಾಲ್ ಸರಿಯಾಗಿ ತಿರುಗುವುದಿಲ್ಲ, ಹೊಡೆದ ಚೆಂಡು ದೂರ ಹಾರುತ್ತದೆ. ಫ್ರಾಂಬರ್ ವಾಲ್ಡೆಜ್ ತರಹ ಚೆಂಡನ್ನು ನೆಲಕ್ಕೇ ಹೊಡೆಸುವ ಪಿಚರ್‌ಗಳನ್ನು ಈ ಸಂಖ್ಯೆ ಸ್ವಲ್ಪ ಕಡಿಮೆ ಅಂದಾಜು ಮಾಡುತ್ತದೆ. ಅವರಿಗೆ ಗ್ರೌಂಡ್‌ಬಾಲ್ ಶೇಕಡಾವಾರನ್ನೂ ಜೊತೆಗೆ ನೋಡಿ.