ಕರೆಂಟ್ ಹೋದಾಗ, ಹೊಗೆ ಬಂದಾಗ: ಕಂಪ್ಯೂಟರ್ ಬೇಗ ಆಫ್ ಮಾಡುವ ಸರಿಯಾದ ಕ್ರಮ

ಗುಡುಗಿನ ಬೆನ್ನಿಗೇ ಕರೆಂಟ್ ಹೋಗಿ, ಮೇಜಿನ ಕೆಳಗಿನ ಯುಪಿಎಸ್ ಬಿಟ್ಟು ಬಿಟ್ಟು ಕೂಗತೊಡಗಿದರೆ ಕಂಪ್ಯೂಟರ್ ಮುಂದೆ ಕುಳಿತವರ ಕೈಯಲ್ಲಿರುವುದು ಕೆಲವೇ ನಿಮಿಷ. ಮನೆಗಳಲ್ಲೂ ಸಣ್ಣ ಕಚೇರಿಗಳಲ್ಲೂ ಸಾಮಾನ್ಯವಾಗಿ ಕಾಣುವ 600 ವಿಎ ಸಾಮರ್ಥ್ಯದ ಯುಪಿಎಸ್, ಬ್ಯಾಟರಿ ಹೊಸದಾಗಿದ್ದರೆ, ಒಂದು ಡೆಸ್ಕ್‌ಟಾಪನ್ನು ಹತ್ತು ನಿಮಿಷದ ಆಸುಪಾಸು ನಡೆಸೀತು; ಮೂರು ವರ್ಷ ದಾಟಿದ ಬ್ಯಾಟರಿ ಒಂದೆರಡು ನಿಮಿಷಕ್ಕೇ ಕೈಕೊಡುವುದುಂಟು. ಈ ಸಮಯವಿರುವುದು ಕಂಪ್ಯೂಟರನ್ನು ಕ್ರಮವಾಗಿ ಆಫ್ ಮಾಡಲಿಕ್ಕೇ ಹೊರತು, ಅರ್ಧಕ್ಕೆ ನಿಂತ ಕೆಲಸ ಮುಗಿಸಲಿಕ್ಕಲ್ಲ.

ನಾವು ಸೇವ್ ಮಾಡಿದ್ದೆಲ್ಲ ಆ ಕ್ಷಣದಲ್ಲೇ ಡಿಸ್ಕಿಗೆ ಇಳಿಯುವುದಿಲ್ಲ. ವೇಗಕ್ಕಾಗಿ ಕಂಪ್ಯೂಟರ್ ಸ್ವಲ್ಪ ಮಾಹಿತಿಯನ್ನು ತಾತ್ಕಾಲಿಕ ನೆನಪಿನ ಕೋಶವಾದ ರ‍್ಯಾಮ್‌ನಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಬರೆಯುತ್ತದೆ. ನಡುವೆ ವಿದ್ಯುತ್ ಕಡಿದರೆ ಆ ಭಾಗ ಹೋದಂತೆಯೇ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್, ಲಿನಕ್ಸ್ ಬಳಸುವ ಇಎಕ್ಸ್‌ಟಿ 4 ಮುಂತಾದ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್‌ಗಳು ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳುವುದರಿಂದ ಇಡೀ ಡಿಸ್ಕ್ ಕೆಡುವುದು ಈಗ ಅಪರೂಪ. ಆದರೆ ಅರ್ಧ ಬರೆದ ಫೈಲಿನ ಒಳಗಿರುವುದನ್ನು ಉಳಿಸುವ ಖಾತರಿಯನ್ನು ಅವು ಕೊಡುವುದಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ 32ಕ್ಕೆ ಅಷ್ಟು ರಕ್ಷಣೆಯೂ ಇಲ್ಲ.

ಆದ್ದರಿಂದ ಮೊದಲು ಕಂಟ್ರೋಲ್ ಮತ್ತು ಎಸ್ ಒತ್ತಿ, ತೆರೆದಿರುವ ಪ್ರತಿಯೊಂದು ಫೈಲನ್ನೂ ಸೇವ್ ಮಾಡಿ. ಹೆಸರಿಡದ ಹೊಸ ಫೈಲಾದರೆ ಹೆಸರು ಯೋಚಿಸುತ್ತಾ ಕೂರಬೇಡಿ, ಬಾಯಿಗೆ ಬಂದ ಹೆಸರಿಟ್ಟು ಮುಂದಕ್ಕೆ ಹೋಗಿ. ಪೆನ್‌ಡ್ರೈವಿಗೆ ಏನಾದರೂ ಕಾಪಿ ಆಗುತ್ತಿದ್ದರೆ ರದ್ದು ಮಾಡಿ; ಮೂಲ ಪ್ರತಿ ಹೇಗೂ ಕಂಪ್ಯೂಟರಿನಲ್ಲೇ ಇರುತ್ತದೆ. ನಂತರ ವಿಂಡೋಸ್ ಕೀಲಿ ಮತ್ತು ಎಕ್ಸ್ ಅನ್ನು ಒಟ್ಟಿಗೆ ಒತ್ತಿ ಬಿಟ್ಟು, ಯು ಅಕ್ಷರವನ್ನು ಎರಡು ಸಲ ಒತ್ತಿದರೆ, ಇಂಗ್ಲಿಷ್ ಮೆನು ಇರುವ ವಿಂಡೋಸ್ 10 ಮತ್ತು 11ರಲ್ಲಿ ಮೌಸ್ ಮುಟ್ಟದೆಯೇ ಶಟ್‌ಡೌನ್ ಆರಂಭವಾಗುತ್ತದೆ. ಇಲ್ಲಿ ಹಲವರು ಮಾನಿಟರ್ ಆರಿಸಿ ಎದ್ದುಬಿಡುತ್ತಾರೆ. ಹಾಗೆ ಮಾಡಬಾರದು, ಏಕೆಂದರೆ ಸೇವ್ ಆಗದ ಯಾವುದೋ ಒಂದು ಕಿಟಕಿ ಶಟ್‌ಡೌನನ್ನು ತಡೆದು ನಿಮ್ಮ ಉತ್ತರಕ್ಕಾಗಿ ಕಾಯುತ್ತಿರಬಹುದು. ಸಿಪಿಯುನ ದೀಪ ಆರುವವರೆಗೆ ಎದುರಿಗೇ ಇರಿ.

ಕಂಪ್ಯೂಟರ್ ಹ್ಯಾಂಗ್ ಆಗಿ ಮೌಸ್ ಅಲುಗದಿದ್ದರೆ, ಪವರ್ ಬಟನ್ನನ್ನು ಒಮ್ಮೆ ಮೆಲ್ಲಗೆ ಒತ್ತಿ ಬಿಟ್ಟು ಅರ್ಧ ನಿಮಿಷ ಕಾಯಿರಿ. ಈ ಚಿಕ್ಕ ಒತ್ತು ವಿದ್ಯುತ್ ಕಡಿಯುವುದಿಲ್ಲ. ಆಫ್ ಆಗು ಅಥವಾ ಮಲಗು ಎಂಬ ಸೂಚನೆಯನ್ನು, ಸೆಟ್ಟಿಂಗ್ ಹೇಗಿದೆಯೋ ಹಾಗೆ, ಆಪರೇಟಿಂಗ್ ಸಿಸ್ಟಮ್‌ಗೆ ಮುಟ್ಟಿಸುತ್ತದೆ. ಅದೇ ಬಟನ್ನನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ, ಯಾರನ್ನೂ ಕೇಳದೆ ವಿದ್ಯುತ್ ನಿಲ್ಲುತ್ತದೆ. ಬೇರೆಲ್ಲ ದಾರಿ ಮುಚ್ಚಿದ ಮೇಲಷ್ಟೇ ಅದಕ್ಕೆ ಕೈಹಾಕಬೇಕು.

ಲಿನಕ್ಸ್ ಬಳಸುವವರಿಗೆ ಇನ್ನೊಂದು ಉಪಾಯವಿದೆ, ಮತ್ತು ಅದು ಇನ್ನಷ್ಟು ಜನಕ್ಕೆ ಗೊತ್ತಿರಬೇಕಾದದ್ದು. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡೇ ಎಸ್, ಯು, ಓ ಅಕ್ಷರಗಳನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಒತ್ತಿದರೆ, ರ‍್ಯಾಮ್‌ನಲ್ಲಿ ಬಾಕಿ ಉಳಿದದ್ದು ಡಿಸ್ಕಿಗೆ ಇಳಿಯುತ್ತದೆ, ಡಿಸ್ಕ್ ಓದಲು ಮಾತ್ರ ತೆರೆದ ಸ್ಥಿತಿಗೆ ಬರುತ್ತದೆ, ಕೊನೆಗೆ ಯಂತ್ರ ಆಫ್ ಆಗುತ್ತದೆ. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲೇ ಅನುಮತಿ ಇರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಲಿಯನ್ನೂ ಸೇರಿಸಬೇಕಾಗಬಹುದು.

ನಿಮ್ಮ ಯುಪಿಎಸ್‌ನ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿ ಇದ್ದರೆ ಅದನ್ನು ಕಂಪ್ಯೂಟರಿಗೆ ಜೋಡಿಸಿಡಿ. ಯುಪಿಎಸ್ ಅದಕ್ಕೆ ಹೊಂದುವಂಥದ್ದಾದರೆ ವಿಂಡೋಸ್ ಅದನ್ನು ಲ್ಯಾಪ್‌ಟಾಪ್ ಬ್ಯಾಟರಿಯಂತೆಯೇ ಗುರುತಿಸುತ್ತದೆ. ಚಾರ್ಜ್ ತಳಮುಟ್ಟುವ ಮೊದಲೇ ಹೈಬರ್ನೇಟ್ (ತೆರೆದದ್ದನ್ನೆಲ್ಲ ಡಿಸ್ಕಿಗೆ ಇಳಿಸಿ ಆಫ್) ಆಗುವಂತೆ ಪವರ್ ಆಪ್ಷನ್ಸ್‌ನಲ್ಲಿ ಹೊಂದಿಸಿದರೆ, ನೀವು ಊಟಕ್ಕೆ ಎದ್ದು ಹೋಗಿದ್ದಾಗಲೂ ತೆರೆದ ಫೈಲುಗಳು ಇದ್ದ ಹಾಗೆಯೇ ಡಿಸ್ಕಿನಲ್ಲಿ ಉಳಿಯುತ್ತವೆ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬೇಡಿ; ಬಿಸಿಯಾಗುವಾಗ ಅದು ಎಳೆಯುವ ವಿದ್ಯುತ್ತನ್ನು ಈ ಪುಟ್ಟ ಪೆಟ್ಟಿಗೆ ತಾಳಲಾರದು.

ಇಲ್ಲಿಯವರೆಗಿನದು ಮಾಹಿತಿಗೆ ಅಪಾಯವಿದ್ದಾಗ ಅನುಸರಿಸುವ ಕ್ರಮ. ಸಿಪಿಯುನಿಂದ ಹೊಗೆ, ಸುಟ್ಟ ವಾಸನೆ ಅಥವಾ ಕಿಡಿ ಬಂದರೆ ಫೈಲುಗಳ ಆಸೆ ಬಿಟ್ಟು ತಕ್ಷಣ ವಿದ್ಯುತ್ ಕಡಿಯಬೇಕು. ಗೋಡೆಯ ಸ್ವಿಚ್ ಆರಿಸಿದೊಡನೆ ಅಪಾಯ ತಪ್ಪಿತೆಂದುಕೊಳ್ಳುವುದು ದೊಡ್ಡ ತಪ್ಪು. ಸ್ವಿಚ್ ಆರಿದ ಕ್ಷಣವೇ ಯುಪಿಎಸ್ ತನ್ನ ಬ್ಯಾಟರಿಯಿಂದ ಅದೇ ಕಂಪ್ಯೂಟರಿಗೆ ವಿದ್ಯುತ್ ಹರಿಸತೊಡಗುತ್ತದೆ. ಹಾಗಾಗಿ ಯುಪಿಎಸ್‌ನ ಬಟನ್ನನ್ನೂ ಒತ್ತಿ ಹಿಡಿದು ಆರಿಸಬೇಕು. ಉರಿ ಕಂಡರೆ ನೀರು ಎರಚಬೇಡಿ. ಹತ್ತಿರ ಹೋಗುವಂತಿಲ್ಲವಾದರೆ ಮೇನ್ ಸ್ವಿಚ್ ಇಳಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಕರೆ ಮಾಡಿ. ನೆಲದಲ್ಲಿ ನೀರು ನಿಂತು ಎಕ್ಸ್‌ಟೆನ್ಷನ್ ಬೋರ್ಡ್ ನೆನೆದಿದ್ದರೂ, ಆ ನೀರಿಗೆ ಕಾಲಿಡದೆ ಮೇನ್ ಸ್ವಿಚ್ ಇಳಿಸುವುದೇ ಮೊದಲ ಕೆಲಸ.

ಲ್ಯಾಪ್‌ಟಾಪ್ ಮೇಲೆ ಕಾಫಿಯೋ ನೀರೋ ಚೆಲ್ಲಿದರೆ ಚಾರ್ಜರ್ ಪ್ಲಗ್ಗನ್ನು ಗೋಡೆಯ ಕಡೆಯಿಂದ ತೆಗೆದು, ಪವರ್ ಬಟನ್ನನ್ನು ಆಫ್ ಆಗುವವರೆಗೆ ಹಿಡಿದು, ದ್ರವ ಹೊರಗೆ ಸುರಿಯುವಂತೆ ಬೋರಲು ಹಾಕಿ. ಹೊರಗೆ ಒಣಗಿದಂತೆ ಕಂಡರೂ ರಿಪೇರಿಯವರು ಬಿಚ್ಚಿ ನೋಡುವ ತನಕ ಅದನ್ನು ಆನ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ.