ಅಘನಾಶಿನಿ ಅಳಿವೆಯಲ್ಲಿ ಬಳಚು ಲೆಕ್ಕ ಹಾಕಿದ್ದು

ಮೀನು ಓಡುತ್ತದೆ, ಬಳಚು (ಮರಳು-ಕೆಸರಿನಲ್ಲಿ ಹುದುಗಿರುವ ಎರಡು ಹೋಳಿನ ಚಿಪ್ಪುಜೀವಿ) ಓಡುವುದಿಲ್ಲ. ಹಾಗಾಗಿ ಎಣಿಕೆ ಕಲಿಯಲು ನಾನು ಹಿಡಿದದ್ದು ಬಳಚನ್ನೇ. ಶಿರಸಿ ಹತ್ತಿರ ಹುಟ್ಟುವ ಅಘನಾಶಿನಿ ತದಡಿ ಬಳಿ ಸಮುದ್ರ ಸೇರುತ್ತದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಲ್ಲಿ ಬಳಚು ಎಷ್ಟಿದೆ ಅಂತ ಯಾರಾದರೂ ಕೇಳಿದರೆ ಉತ್ತರ ಬೇಕಲ್ವಾ?

ಸಾಮಾನು ಜಾಸ್ತಿ ಇಲ್ಲ. ಪೈಪಿನಿಂದ ಮಾಡಿದ 50 ಸೆಂ.ಮೀ. ಚೌಕಟ್ಟು, ಅಗೆಯಲು ಒಂದು ಕೈಗುದ್ದಲಿ, ಜರಡಿ, ಅಳತೆಗೆ ವರ್ನಿಯರ್. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಇಳಿತದಲ್ಲಿ ದಿಬ್ಬಗಳು ಚೆನ್ನಾಗಿ ತೆರೆದುಕೊಳ್ಳುತ್ತವೆ, ಆಗಲೇ ಕೆಲಸ.

ಕಷ್ಟ ಇರುವುದು ಚೌಕಟ್ಟನ್ನು ಎಲ್ಲಿ ಇಡಬೇಕು ಎನ್ನುವುದರಲ್ಲಿ. ಬಳಚು ಆರಿಸುತ್ತಿದ್ದ ಅಕ್ಕ ಒಬ್ಬರು ನನ್ನನ್ನು ನೋಡಿ ನಕ್ಕರು. "ಅಲ್ಲಿ ಎಂತ ಇಲ್ಲ ತಂಗಿ, ಬರೀ ಕೆಸರು. ಇಲ್ಲಿ ಬಾ." ಅವರು ಹೇಳಿದ್ದು ಸರಿಯೇ. ಆದರೆ ಸಿಗುವ ಕಡೆ ಮಾತ್ರ ಅಗೆದರೆ ಇಡೀ ಅಳಿವೆ ಬಳಚಿನಿಂದ ತುಂಬಿದೆ ಅಂತ ಲೆಕ್ಕ ಬರುತ್ತದೆ. ಹಾಗಂತ ಅವರ ಮಾತು ಬಿಡಲಿಲ್ಲ. ಎಲ್ಲಿ ದಟ್ಟ, ಎಲ್ಲಿ ವಿರಳ, ಎಲ್ಲಿ ಏನೂ ಸಿಗದು ಅಂತ ಅವರನ್ನೇ ಕೇಳಿ ನಕ್ಷೆಯಲ್ಲಿ ಗೆರೆ ಎಳೆದೆ. ಗೆರೆಯೊಳಗೆ ಎಲ್ಲಿ ಅಗೆಯಬೇಕು ಎನ್ನುವುದನ್ನು ಮಾತ್ರ ಕಂಪ್ಯೂಟರ್ ಕೊಟ್ಟ ಯಾದೃಚ್ಛಿಕ, ಅಂದರೆ ಲಾಟರಿಯಂತೆ ಬಂದ, ಸಂಖ್ಯೆಗೆ ಬಿಟ್ಟೆ. ಜಿಪಿಎಸ್ ತೋರಿಸಿದ ಕಡೆ ಮೊಣಕಾಲು ಹೂತರೂ ಅಲ್ಲೇ ಅಗೆಯಬೇಕು, ಎರಡು ಹೆಜ್ಜೆ ಈಚೆಗೆ ಬರುವಂತಿಲ್ಲ.

ಜರಡಿಯಲ್ಲಿ ಉಳಿದದ್ದೆಲ್ಲ ಬಳಚಲ್ಲ. ಸತ್ತ ಚಿಪ್ಪಿನೊಳಗೆ ಕೆಸರು ತುಂಬಿ ಎರಡೂ ಹೋಳು ಅಂಟಿಕೊಂಡಿರುತ್ತವೆ, ನೋಡಲು ಜೀವಂತದ ಹಾಗೇ. ಹೆಬ್ಬೆರಳಿನಲ್ಲಿ ಪಕ್ಕಕ್ಕೆ ಒತ್ತಿದರೆ ಜಾರಿ ಬಿಚ್ಚಿಕೊಳ್ಳುತ್ತದೆ. ಒಂದೊಂದನ್ನೂ ಹೀಗೆ ಒತ್ತಿ ನೋಡಿಯೇ ಎಣಿಸಬೇಕು.

ಇನ್ನು ಲೆಕ್ಕ. ಬಳಚು ಗುಂಪುಗುಂಪಾಗಿ ಇರುತ್ತದೆ. ಒಂದು ಚೌಕಟ್ಟಿನಲ್ಲಿ ಸೊನ್ನೆ, ಪಕ್ಕದ್ದರಲ್ಲಿ ಐವತ್ತು. ಒಂದು ಕಾಲ್ಪನಿಕ ಉದಾಹರಣೆ ಹೇಳುತ್ತೇನೆ. 20 ಚೌಕಟ್ಟು, ಒಂದಕ್ಕೆ ಸರಾಸರಿ 15 ಬಳಚು, ಮಾನಕ ವಿಚಲನೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ) 20 ಅಂದುಕೊಳ್ಳಿ. ಚೌಕಟ್ಟು ಕಾಲು ಚದರ ಮೀಟರ್, ಹಾಗಾಗಿ ಹೆಕ್ಟೇರಿಗೆ 6 ಲಕ್ಷ. ಸುಮ್ನೆ 6 ಲಕ್ಷ ಅಂತ ಬರೆದುಬಿಟ್ಟರೆ ಚೆಂದ ಕಾಣುತ್ತದೆ. ಆದರೆ ವಿಚಲನೆ 20ನ್ನು ಚೌಕಟ್ಟುಗಳ ಸಂಖ್ಯೆ 20ರ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ಮಾನಕ ದೋಷವೇ (ಸರಾಸರಿ ಎಷ್ಟು ಆಚೀಚೆ ಇರಬಹುದು ಎನ್ನುವ ಅಳತೆ) ಸುಮಾರು 4.5. ಶೇ 95ರ ವಿಶ್ವಾಸಕ್ಕೆ, ಅಂದರೆ ನೂರು ಸಲ ಹೀಗೆ ಎಣಿಸಿದರೆ ಸುಮಾರು 95 ಸಲ ನಿಜ ಸಂಖ್ಯೆ ಒಳಗೇ ಬೀಳುವಷ್ಟು, ಹಿಗ್ಗಿಸಿದರೆ ಉತ್ತರ ಸುಮಾರು 2.3 ಲಕ್ಷದಿಂದ 9.7 ಲಕ್ಷದವರೆಗೆ ಹರಡುತ್ತದೆ. ಈ ಹರವೇ ನನ್ನ ಉತ್ತರ, ನಡುವಿನ ಒಂದು ಅಂಕಿ ಅಲ್ಲ. ಇದನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಚೌಕಟ್ಟು ಬೇಕು. ಇಳಿತ ಅಷ್ಟು ಹೊತ್ತು ಕಾಯುವುದಿಲ್ಲ.

ಅಕ್ಕ ಹೇಳಿದ ಗೆರೆಗಳು ಕೆಲಸಕ್ಕೆ ಬಂದದ್ದು ಇಲ್ಲೇ. ದಟ್ಟ ಪಟ್ಟಿಯನ್ನೂ ಖಾಲಿ ಕೆಸರನ್ನೂ ಬೇರೆ ಬೇರೆ ಲೆಕ್ಕ ಹಾಕಿ, ವಿಸ್ತೀರ್ಣದ ತೂಕ ಕೊಟ್ಟು ಕೂಡಿಸಿದರೆ ಹರವು ಕಿರಿದಾಗುತ್ತದೆ. ಪಟ್ಟಿ ದೊಡ್ಡದಿದ್ದು, ಸಂಖ್ಯೆ ಏರುಪೇರಾಗುವ ಕಡೆ ಹೆಚ್ಚು ಚೌಕಟ್ಟು ಹಾಕಬೇಕು. 1934ರಲ್ಲೇ ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ ಇದಕ್ಕೆ ಸೂತ್ರ ಕೊಟ್ಟಿದ್ದಾರೆ.

ಬಂಗುಡೆ, ತಾರ್ಲೆಯಂಥ ಓಡುವ ಮೀನಿಗೆ ಈ ಚೌಕಟ್ಟು ನಡೆಯುವುದಿಲ್ಲ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲ್‌ನಲ್ಲಿ ಕೆಲವು ದೋಣಿಗಳ ಮೀನು ತೂಗಿ, ಬಂದ ಎಲ್ಲ ದೋಣಿಗಳಿಗೆ ಹಿಗ್ಗಿಸಿದರೆ ಸಿಗುವುದು ಹಿಡಿದ ಮೀನಿನ ಅಂದಾಜು. ಕಡಲಲ್ಲಿ ಉಳಿದದ್ದಕ್ಕೆ ಬೇರೆ ಲೆಕ್ಕ ಬೇಕು. ಕಡಲಲ್ಲಿ ಮೀನು ಹೆಚ್ಚದಿದ್ದರೂ, ಡೀಸೆಲ್ ಸುಟ್ಟು ಜಾಸ್ತಿ ಹೊತ್ತು ಬಲೆ ಎಳೆದರೆ ಹಿಡಿದದ್ದು ಹೆಚ್ಚುತ್ತದೆ. ಹೀಗಾಗಿ ದೋಣಿ ಎಷ್ಟು ಗಂಟೆ ಬಲೆ ಎಳೆಯಿತು ಅಂತಲೂ ಕೇಳಿ ಬರೆದುಕೊಳ್ಳಬೇಕು.

ಬಳಚಿಗೆ ಮರಳಿದರೆ, ಮಳೆಗಾಲದಲ್ಲಿ ನದಿಯ ಸಿಹಿನೀರು ನುಗ್ಗಿ ಅಳಿವೆಯ ಉಪ್ಪಿನಂಶ ಇಳಿಯುತ್ತದೆ, ಬಳಚಿನ ಸಂಖ್ಯೆಯೂ ಕಾಲಕ್ಕೆ ತಕ್ಕಂತೆ ಏರುಪೇರಾಗಬಹುದು. ಹಾಗಾಗಿ ಫೆಬ್ರುವರಿ ಎಣಿಕೆಯನ್ನು ಮುಂದಿನ ಫೆಬ್ರುವರಿಯದರ ಜೊತೆಗೇ ಹೋಲಿಸುತ್ತೇನೆ. ಜರಡಿಯ ಕಣ್ಣೂ ಅದೇ ಇರಬೇಕು, ಇಲ್ಲದಿದ್ದರೆ ಮರಿಗಳು ಒಂದು ವರ್ಷ ಎಣಿಕೆಗೆ ಬರುತ್ತವೆ, ಇನ್ನೊಂದು ವರ್ಷ ಸೋರಿ ಹೋಗುತ್ತವೆ.