ಪಿಜಿಯ ವೈ-ಫೈ ರಾತ್ರಿ ಕುಂಟುತ್ತಾ? ಚಾನೆಲ್ ಹಂಚಿ ನೋಡಿ

ದಾವಣಗೆರೆಯ ವಿದ್ಯಾನಗರದ ಕಡೆ ನಮ್ಮ ನೆಂಟರದ್ದೊಂದು ಪಿಜಿ ಇದೆ. ಮೂರು ಮಹಡಿ, ಮಹಡಿಗೊಂದು ರೂಟರ್, ನಲವತ್ತು ಚಿಲ್ಲರೆ ಹುಡುಗರು. ಮಂಡಕ್ಕಿ-ಮಿರ್ಚಿ ಮುಗಿಸಿ ಎಲ್ಲರೂ ರೂಮಿಗೆ ಬಂದರೆಂದರೆ ವೈ-ಫೈ ತೆವಳೋಕೆ ಶುರು. ನೆಂಟರು ಪ್ಲಾನನ್ನು 100 ಎಂಬಿಪಿಎಸ್‌ನಿಂದ 300ಕ್ಕೆ ಏರಿಸಿದರು. ಬಿಲ್ ಏರಿತು, ವೇಗ ಏರಲಿಲ್ಲ.

ದುಡ್ಡು ಸುರಿಯೋ ಮೊದಲು ಒಂದು ಪರೀಕ್ಷೆ ಮಾಡಿ. ರಾತ್ರಿ 9ರ ಹೊತ್ತಿಗೆ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ರೂಟರಿಗೆ ಸಿಕ್ಕಿಸಿ ಸ್ಪೀಡ್ ನೋಡಿ. ಅಲ್ಲೂ ಕಡಿಮೆ ಬಂದರೆ ಲೈನಿನದೇ ತೊಂದರೆ, ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ. ಕೇಬಲ್‌ನಲ್ಲಿ ಚೆನ್ನಾಗಿದ್ದು ಫೋನಿನಲ್ಲಿ ಮಾತ್ರ ಕುಂಟಿದರೆ ಜಗಳ ಗಾಳಿಯಲ್ಲಿದೆ.

ಯಾಕೆ ಅಂದರೆ, ವೈ-ಫೈಯಲ್ಲಿ ಸಾಮಾನ್ಯವಾಗಿ ಟೋಕನ್ ಕೊಡುವವರು ಯಾರೂ ಇಲ್ಲ. ಪ್ರತಿ ಫೋನೂ ತನ್ನ ಸರದಿಯನ್ನು ತಾನೇ ನೋಡಿಕೊಳ್ಳಬೇಕು. ಮೊದಲು ಕಿವಿಗೊಡುತ್ತದೆ. ಚಾನೆಲ್ (ಎಲ್ಲರೂ ಹಂಚಿಕೊಳ್ಳುವ ರೇಡಿಯೋ ದಾರಿ) ಖಾಲಿ ಅನ್ನಿಸಿದರೆ 0ಯಿಂದ 15ರೊಳಗೆ ಒಂದು ಸಂಖ್ಯೆ ಎತ್ತಿಕೊಂಡು ಎಣಿಸುತ್ತಾ ಇಳಿಯುತ್ತದೆ. ನಡುವೆ ಬೇರೆ ಯಾರಾದರೂ ಮಾತಾಡಿದರೆ ಎಣಿಕೆ ನಿಲ್ಲಿಸಿ, ಅವರು ಮುಗಿಸಿದ ಮೇಲೆ ಮುಂದುವರಿಸುತ್ತದೆ. ಸೊನ್ನೆ ಬಂದಾಗ ಕಳಿಸುತ್ತದೆ. ಇಬ್ಬರಿಗೂ ಒಟ್ಟಿಗೇ ಸೊನ್ನೆ ಬಂತೋ, ಡಿಕ್ಕಿ. ಆಗ ಮುಂದಿನ ಸಲ 31ರವರೆಗೆ, ಮತ್ತೆ ಡಿಕ್ಕಿಯಾದರೆ 63ರವರೆಗೆ, ಹೀಗೆ 1023ರ ತನಕ ಕಾಯುವ ಮಿತಿ ಬೆಳೆಯುತ್ತಾ ಹೋಗುತ್ತದೆ. ಕಿವಿಗೊಡದೇ ಮಾತಾಡಿದರೆ ಇದಕ್ಕಿಂತ ಕೆಟ್ಟದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಅಲೋಹ ರೇಡಿಯೋ ಜಾಲದಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸಬಹುದಿತ್ತು. ಆ ಪದ್ಧತಿಯಲ್ಲಿ, ಲೆಕ್ಕದ ಪ್ರಕಾರ, ಚಾನೆಲ್‌ನ ಶೇ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ.

ಅಂದಮೇಲೆ ನಾವು ಮಾಡಬೇಕಾದ್ದು ಒಂದೇ: ಒಂದು ಚಾನೆಲ್‌ಗೆ ಕಿವಿಗೊಟ್ಟು ಕಾಯುವವರನ್ನು ಕಡಿಮೆ ಮಾಡುವುದು. ಬೆಣ್ಣೆ ದೋಸೆ ಅಂಗಡಿಯಲ್ಲಿ ಕಾವಲಿ ಒಂದೇ ಇದ್ದರೆ ಬೆಣ್ಣೆ ಎಷ್ಟಿದ್ದು ಏನು ಬಂತು, ಅಲ್ವಾ?

ಫೋನಿಗೆ ವೈ-ಫೈ ಅನಲೈಜರ್ ಥರದ ಆ್ಯಪ್ ಹಾಕಿಕೊಂಡು ಮಹಡಿ ಮಹಡಿ ಸುತ್ತಿ. ನಮ್ಮ ನೆಂಟರ ಮೂರೂ ರೂಟರ್ 6ನೇ ಚಾನೆಲ್‌ನಲ್ಲೇ ಕೂತಿದ್ದವು! ರೂಟರಿನ ಸೆಟ್ಟಿಂಗ್‌ಗೆ ಹೋಗಿ, 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗಿನದಕ್ಕೆ 1, ನಡುವಿನದಕ್ಕೆ 6, ಮೇಲಿನದಕ್ಕೆ 11 ಕೊಡಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. 3, 4 ಖಾಲಿ ಕಾಣುತ್ತೆ ಅಂತ ಅಲ್ಲಿಗೆ ಹೋಗಬೇಡಿ. ಒಂದು ಚಾನೆಲ್‌ಗೂ ಪಕ್ಕದ್ದಕ್ಕೂ ಬರೀ 5 ಮೆಗಾಹರ್ಟ್ಸ್ ಅಂತರ. ಅಲ್ಲಿ ಕೂತರೆ ಎರಡೂ ಕಡೆಯ ಗದ್ದಲ ನಿಮ್ಮದೇ. 5 ಗಿಗಾಹರ್ಟ್ಸ್ ಇದ್ದರೆ ಆನ್ ಮಾಡಿ. ಅಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ.

ಇನ್ನು ಹೊರೆ ಹಂಚಬೇಕು. ಜನ ಎಡವುವುದು ಇಲ್ಲೇ. ಯಾವ ರೂಟರಿಗೆ ಅಂಟಿಕೊಳ್ಳಬೇಕು ಅನ್ನೋದನ್ನು ಫೋನೇ ತೀರ್ಮಾನಿಸುತ್ತದೆ. ಗೇಟಿನ ಹತ್ತಿರ ಕೆಳಗಿನ ರೂಟರಿಗೆ ಅಂಟಿದ ಫೋನು, ಮೂರನೇ ಮಹಡಿಗೆ ಹೋದರೂ ಅದನ್ನು ಬಿಡುವುದಿಲ್ಲ. ಸಿಗ್ನಲ್ ಬಡಕಲಾದಷ್ಟೂ ನಿಧಾನವಾಗಿ ಕಳಿಸುತ್ತದೆ, ಗಾಳಿಯನ್ನು ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಒಬ್ಬನಿಂದ ಇಡೀ ಮಹಡಿಗೆ ಶಿಕ್ಷೆ. ಅದಕ್ಕೇ ರೂಟರಿನ ಟ್ರಾನ್ಸ್‌ಮಿಟ್ ಪವರನ್ನು, ಅಂದರೆ ಸಿಗ್ನಲ್ ಕಳಿಸುವ ಶಕ್ತಿಯನ್ನು, ಹೈನಿಂದ ಮೀಡಿಯಂಗೆ ಇಳಿಸಿ. ನೆಂಟರು ಇದಕ್ಕೆ ಸುತರಾಂ ಒಪ್ಪಲಿಲ್ಲ, "ಪವರ್ ಇಳಿಸಿದರೆ ಸ್ಪೀಡ್ ಹೆಂಗ್ ಬರುತ್ತಪ್ಪಾ?" ಅಂದರು. ಕೆಳಗಿನ ಸಿಗ್ನಲ್ ಮೇಲೆ ಸಿಗದಿದ್ದರೆ ತಾನೇ ಫೋನು ಹತ್ತಿರದ ರೂಟರನ್ನು ಹುಡುಕೋದು! ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. ಮುಖ್ಯ ರೂಟರ್ ಬಿಟ್ಟು ಉಳಿದೆರಡನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈ-ಫೈ ಹಂಚುವ ಕೆಲಸಕ್ಕೆ) ಹಾಕಿ, ಕೇಬಲ್‌ನಿಂದಲೇ ಜೋಡಿಸಿ. ಹಾಲ್‌ನ ಟಿವಿಗೂ ಕೇಬಲ್ ಎಳೆಸಿ. ಜಾಗ ಬಿಟ್ಟು ಕದಲದ ವಸ್ತುವಿಗೆ ವೈ-ಫೈ ಯಾಕೆ?

ರೂಟರನ್ನು ಕಾರಿಡಾರಿನ ನಡುವೆ ಇಡಿ. ಮೂಲೆಯಲ್ಲಿಟ್ಟರೆ ಆ ತುದಿಯ ರೂಮಿಗೆ ಸಿಗ್ನಲ್ ಬಡಕಲಾಗುತ್ತದೆ. 

ತಿಂಗಳಿಗೊಮ್ಮೆ ಆ್ಯಪ್ ತೆಗೆದು ನೋಡುತ್ತಿರಿ. ಪಕ್ಕದ ಬಿಲ್ಡಿಂಗಿನವರು ಹೊಸ ರೂಟರ್ ತಂದು ನಿಮ್ಮ 6ರಲ್ಲೇ ಕೂರಿಸಿರಬಹುದು.